ಉಳಿದದ್ದು ಮಣ್ಣು

ಇಂಗ್ಲೆಂಡಿನ ನಾರ್ತಾಂಪ್ಟನ್‌ಷೈರ್ ಪ್ರಾಂತದಲ್ಲಿ ನೀನ್ ಎಂಬ ನದಿಯ ದಂಡೆಯ ಮೇಲೆ ಫಾದರಿಂಗೇ ಎಂಬ ಪುಟ್ಟ ಹಳ್ಳಿಯೊಂದುಂಟು. ಹಳ್ಳಿಯ ಅಂಚಿನಲ್ಲಿ ಹುಲ್ಲು ಹೊದ್ದ ಒಂದು ಮಣ್ಣಿನ ದಿಬ್ಬ. ಅದರ ಸುತ್ತ ತಗ್ಗಾಗಿ ಹರಿದ ಕಂದಕ. ಕಂದಕದಾಚೆ ಕೆರೆಯ ಏರಿಯನ್ನು ನೆನಪಿಗೆ ತರುವ ಒಡ್ಡುಗಳು. ನದಿಯ ಬದಿಗೆ, ಕಬ್ಬಿಣದ ಕಟಕಟೆಯೊಳಗೆ, ಒಂದೇ ಒಂದು ಕಲ್ಲುಗಾರೆಯ ಹೆಂಟೆ. ನೋಡಲು ಇಷ್ಟೇ. ಆದರೆ ಇಲ್ಲಿದ್ದ ಕೋಟೆಯಲ್ಲಿಯೇ 1452ರ ಅಕ್ಟೋಬರ್ 2ರಂದು ಮುಂದೆ ದೊರೆಯಾದ ಮೂರನೆಯ ರಿಚರ್ಡ್ ಹುಟ್ಟಿದನು. 1587ರ ಫೆಬ್ರವರಿ 8ರಂದು ಸ್ಕಾಟ್ಲೆಂಡಿನ ರಾಣಿ ಮೇರಿಯ ಶಿರಶ್ಛೇದವಾಯಿತು.

ಕೋಟೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಚಿತ್ರದುರ್ಗದಂತಹ ಹೆಬ್ಬಂಡೆ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರಿಗೆ ಅನೇಕ ಕಡೆ ಅಂತಹ ಬೆಟ್ಟ ಸಿಕ್ಕಲಿಲ್ಲ. ಆದುದರಿಂದ ಅವರು ಬೆಟ್ಟವನ್ನೇ ಮಾಡಿಕೊಂಡರು. ವರ್ತುಲವಾಗಿ ಕಂದಕ ತೋಡುವುದು, ತೋಡಿದ ಮಣ್ಣನ್ನು ನಡುವೆ ರಾಶಿ ಹಾಕಿ ತುಳಿದು ಗಟ್ಟಿಮಾಡುವುದು, ಅದರ ನೆತ್ತಿಯ ಮೇಲೆ ಮರದ ಗೋಪುರ ನಿಲ್ಲಿಸುವುದು. ಪಕ್ಕದಲ್ಲಿ ಒಡ್ಡು ಸುತ್ತಿದ ವಿಶಾಲವಾದ ಅಂಗಳ. ಅಲ್ಲಿ ಲಾಯ, ಅಡುಗೆಮನೆ, ಓಲಗದ ಚಾವಡಿ. ಒಂದೇ ದುಡಿಮೆಯಿಂದ ಹಳ್ಳವೂ ಆಯಿತು, ಗುಡ್ಡವೂ ಆಯಿತು. ಭಾಷೆಯೂ ಈ ಜೋಡಿಯನ್ನು ಬಿಡಿಸಲಾರದೆ ಹೋಗಿರುವುದು ಸ್ವಾರಸ್ಯ: ಕಂದಕಕ್ಕೆ ಇಂಗ್ಲಿಷಿನಲ್ಲಿರುವ ‘ಮೋಟ್’ ಎಂಬ ಶಬ್ದಕ್ಕೆ ಅದು ಬಂದ ಹಳೆಯ ಫ್ರೆಂಚಿನಲ್ಲಿ ದಿಬ್ಬವೆಂದೇ ಅರ್ಥ. ಗುಡ್ಡದ ಹೆಸರು ಹಳ್ಳಕ್ಕೆ ಜಾರಿತು.

ಫಾದರಿಂಗೇಯ ಮಣ್ಣಿನ ಕೆಲಸ ನಡೆದದ್ದು ಸುಮಾರು 1100ರಲ್ಲಿ. ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಯಾರ್ಕ್ ಮನೆತನದ ಮೂಲಪುರುಷನಾದ ಎಡ್ಮಂಡನು ಅದನ್ನು ಕಲ್ಲಿನಲ್ಲಿ ವೈಭವದಿಂದ ಕಟ್ಟಿಸಿದನು.

ಮೇರಿಯನ್ನು ಇಲ್ಲಿಗೆ ತಂದದ್ದು 1586ರ ಸೆಪ್ಟೆಂಬರಿನಲ್ಲಿ. ಆ ಹೊತ್ತಿಗೆ ಆಕೆ ಹದಿನೆಂಟು ವರ್ಷ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದವಳು. ಬಂಧುವೇ ಆದ ಎಲಿಜಬೆತ್ ರಾಣಿಯ ಕೊಲೆಯ ಸಂಚಿನಲ್ಲಿ ಪಾಲುಗೊಂಡಳೆಂಬ ಆರೋಪ, ಅಕ್ಟೋಬರಿನಲ್ಲಿ ಎರಡು ದಿನದ ವಿಚಾರಣೆ, ಫೆಬ್ರವರಿಯಲ್ಲಿ ಕೊಡಲಿ. ಆಕೆಗೆ ಆಗ ನಲವತ್ತನಾಲ್ಕು ವಯಸ್ಸು. ಒಂದೇ ಪೆಟ್ಟಿಗೆ ಕೆಲಸ ಮುಗಿಯಲಿಲ್ಲ. ಆಕೆಯ ಉಡುಗೆಯ ಮರೆಯಲ್ಲಿ ಅವಿತಿದ್ದ ಸಣ್ಣ ನಾಯಿಯೊಂದು ಶವವನ್ನು ಬಿಟ್ಟು ಕದಲಲೊಲ್ಲದೆ ಹೋಯಿತೆಂದು ಆ ಕಾಲದ ವರದಿ ಹೇಳುತ್ತದೆ. ಜನ ಪೂಜೆಗಿಟ್ಟುಕೊಂಡಾರೆಂಬ ಭಯದಿಂದ ಕೊರಡನ್ನೂ ರಕ್ತ ಸೋಂಕಿದ ಬಟ್ಟೆಗಳನ್ನೂ ಅಂದೇ ಸುಟ್ಟರು.

ಇನ್ನು ಕೋಟೆ ಏನಾಯಿತು? ಇದಕ್ಕೆ ಜನ ಒಂದು ಕತೆ ಹೇಳುತ್ತಾರೆ. ಮೇರಿಯ ಮಗ ಜೇಮ್ಸನು 1603ರಲ್ಲಿ ಇಂಗ್ಲೆಂಡಿಗೂ ದೊರೆಯಾದನಲ್ಲವೆ; ತಾಯಿಯ ನೆತ್ತರು ಬಿದ್ದ ಆ ಕೋಟೆಯನ್ನು ಕಲ್ಲಿನ ಮೇಲೆ ಕಲ್ಲು ನಿಲ್ಲದಂತೆ ಅವನು ಕೆಡವಿಸಿಬಿಟ್ಟನಂತೆ. ಕೇಳಲು ಎಷ್ಟು ಸಮಾಧಾನವಾಗುತ್ತದೆ! ಆದರೆ ಜೇಮ್ಸ್ ತೀರಿಕೊಂಡ 1625ರಲ್ಲಿಯೇ, ಅವನ ಮರಣಾನಂತರ, ಕೋಟೆಯ ಅಳತೆ ನಡೆಯಿತು. ಆಗ ಅದು ಗಟ್ಟಿಯಾದ ಕಲ್ಲುಕಟ್ಟಡವಾಗಿ ನಿಂತೇ ಇತ್ತು. ಹತ್ತು ತಿಂಗಳ ಹಸುಳೆಯಾಗಿದ್ದಾಗ ತಾಯಿಯನ್ನು ಕೊನೆಯ ಸಲ ಕಂಡವನು ಜೇಮ್ಸ್. ಆಕೆ ಸಾಯುವ ಹಿಂದಿನ ವರ್ಷ ಎಲಿಜಬೆತಳೊಡನೆ ಒಪ್ಪಂದ ಮಾಡಿಕೊಂಡಿದ್ದನು. ವಧೆಯ ಸುದ್ದಿ ಬಂದಾಗ ಪ್ರತಿಭಟಿಸಿದನು, ಆದರೆ ಮುಂದೆ ಬರಲಿದ್ದ ಸಿಂಹಾಸನವನ್ನು ಕಳೆದುಕೊಳ್ಳುವಷ್ಟಲ್ಲ. 1612ರಲ್ಲಿ ತಾಯಿಯ ದೇಹವನ್ನು ಪೀಟರ್‌ಬರೋದಿಂದ ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ತರಿಸಿ ಭವ್ಯವಾದ ಸಮಾಧಿ ಕಟ್ಟಿಸಿದನೆಂಬುದು ನಿಜ. ಮಗ ಸೇಡು ತೀರಿಸಲಿಲ್ಲವೆಂಬುದನ್ನು ಜನರ ಮನಸ್ಸು ಒಪ್ಪದು; ಅವನು ಮಾಡದಿದ್ದುದನ್ನು ಕತೆ ಮಾಡಿತು.

ಕೋಟೆಯನ್ನು ನಿಜವಾಗಿ ಕೆಡವಿದ್ದು ಕೋಪವಲ್ಲ, ಕಲ್ಲಿನ ಬೆಲೆ. 1630ರ ದಶಕದಿಂದ ಅದು ಹಾಳುಬಿದ್ದಿತು. ಬೇಕಾದವರು ಬೇಕಾದುದನ್ನು ಗಾಡಿಗೆ ಹೇರಿದರು. ಸಮೀಪದ ಔಂಡ್ಲ್ ಪಟ್ಟಣದ ಹಳೆಯ ವಸತಿಗೃಹವೊಂದರ ಮೆಟ್ಟಿಲು ಈ ಕೋಟೆಯದೇ ಎಂದು ಅಲ್ಲಿಯವರು ಇಂದಿಗೂ ತೋರಿಸುತ್ತಾರೆ. ಕಲ್ಲಿಗೆ ಗಿರಾಕಿಯುಂಟು, ಮರಕ್ಕುಂಟು, ಸೀಸಕ್ಕುಂಟು. ಮಣ್ಣನ್ನು ಹೊರುವವರಾರು? ಹೀಗಾಗಿ ಎಡ್ಮಂಡನ ವೈಭವವೆಲ್ಲ ಹೋಗಿ, ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಳೆಯದಾದ, ಹೆಸರಿಲ್ಲದ ಕೂಲಿಗಳು ಬುಟ್ಟಿಬುಟ್ಟಿಯಾಗಿ ಹೊತ್ತು ಸುರಿದ ರಾಶಿ ಉಳಿದುಕೊಂಡಿತು. ದಿಬ್ಬದ ಮೇಲೆ ಬೇಸಗೆಯಲ್ಲಿ ಸ್ಕಾಟ್ಲೆಂಡಿನ ಲಾಂಛನವಾದ ಮುಳ್ಳುಗಿಡ ಹೂಬಿಡುತ್ತದೆ. ಅದನ್ನು ಮೇರಿಯ ಕಣ್ಣೀರೆಂದು ಕರೆಯುವುದುಂಟು.

ನಮ್ಮ ಓದುಗರಲ್ಲಿ ಯಾರಾದರೂ, ಅಲ್ಲಿ ಓದುತ್ತಿರುವ ಮಗನನ್ನೋ ಮಗಳನ್ನೋ ಕಾಣಲು ಹೋದವರು, ಫಾದರಿಂಗೇಗೂ ಹೋಗುವುದಾದರೆ ಒಂದು ಮಾತು. ಎಲ್ಲರೂ ಮೊದಲು ದಿಬ್ಬವನ್ನೇ ಹತ್ತುತ್ತಾರೆ. ಹತ್ತಿ, ನದಿಯ ನೋಟ ಸೊಗಸಾಗಿದೆ. ಆದರೆ ಮೇರಿ ಸತ್ತ ಚಾವಡಿ ಇದ್ದದ್ದು ಮೇಲಲ್ಲ, ಕೆಳಗಿನ ಅಂಗಳದಲ್ಲಿ: ದಿಬ್ಬಕ್ಕೆ ಹೋಗುವ ಆತುರದಲ್ಲಿ ದಾಟಿಬಂದ ಆ ಹುಲ್ಲುನೆಲದಲ್ಲಿ.