ಬೆಂಕಿ ಆರಿದ ಮೇಲೆ ಬರೆಯಬೇಕಾದದ್ದು

ಕೆಲವು ವರ್ಷಗಳ ಹಿಂದಿನ ಮಾತು. ರಾತ್ರಿ ಹತ್ತು ಗಂಟೆಯ ಸುಮಾರಿಗೆ ನಾನು ಕ್ಲಿನಿಕ್ಕಿನ ಬಾಗಿಲು ಹಾಕುವ ಹೊತ್ತಿನಲ್ಲಿ ಪಕ್ಕದ ಬೀದಿಯ ದಂಪತಿ ತಮ್ಮ ಆರು ವರ್ಷದ ಮಗನನ್ನು ಎತ್ತಿಕೊಂಡು ಬಂದರು. ಅವರ ಮನೆಯ ಒಂದು ಕೋಣೆಗೆ ಬೆಂಕಿ ಬಿದ್ದಿತ್ತು. ಅಗ್ನಿಶಾಮಕ ದಳದವರು ಬೇಗನೆ ಬಂದು ಆರಿಸಿ ಹೋಗಿದ್ದರು. ಹುಡುಗನ ಮೈಮೇಲೆ ಒಂದು ಬೊಬ್ಬೆಯೂ ಇರಲಿಲ್ಲ.

"ಏನೂ ಆಗಿಲ್ಲ ಡಾಕ್ಟ್ರೇ, ಸ್ವಲ್ಪ ಕೆಮ್ಮು, ತಲೆನೋವು ಅಂತಾನೆ ಅಷ್ಟೆ" ಎಂದರು ತಾಯಿ.

ಟಾರ್ಚ್ ಹಾಕಿ ನೋಡಿದರೆ ಮೂಗಿನ ಹೊಳ್ಳೆಗಳ ಒಳಗೆ ಮಸಿ. ದನಿ ಒಡೆದಿತ್ತು. ಸುಟ್ಟದ್ದು ಏನು, ಹುಡುಗ ಹೊಗೆಯಲ್ಲಿ ಎಷ್ಟು ಹೊತ್ತು ಇದ್ದ, ಬಾಗಿಲು ಮುಚ್ಚಿತ್ತೇ ಎಂದು ಕೇಳಿದೆ. ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಎರಡು ದಿನ ಆಮ್ಲಜನಕ ಕೊಟ್ಟ ಮೇಲೆ ಹುಡುಗ ಚೇತರಿಸಿಕೊಂಡ.

ಒಂದು ತಿಂಗಳಾದ ಮೇಲೆ ಹುಡುಗನ ತಂದೆ ವಿಮೆ ಕಂಪನಿಗೆ ಕೊಡಲು ಪಡೆದಿದ್ದ ಬೆಂಕಿ ವರದಿಯ ಪ್ರತಿಯನ್ನು ನನಗೆ ತೋರಿಸಿದರು. ಕಾರಣ: ಶಾರ್ಟ್ ಸರ್ಕ್ಯೂಟ್ ಇರಬಹುದು. ಸುಟ್ಟ ವಸ್ತು: ಗೃಹೋಪಯೋಗಿ ಸಾಮಾನು. ಗಾಯಾಳುಗಳು: ಇಲ್ಲ. ಎರಡು ದಿನ ಆಮ್ಲಜನಕದ ಮೇಲೆ ಇದ್ದ ಮಗು ಸರ್ಕಾರದ ಲೆಕ್ಕದಲ್ಲಿ 'ಇಲ್ಲ' ಆಗಿಹೋಗಿತ್ತು.

ಇದರಲ್ಲಿ ಬೆಂಕಿ ಆರಿಸಿದವರನ್ನು ಹಳಿಯುವ ಉದ್ದೇಶ ನನಗಿಲ್ಲ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹಡಗು ಸಿಡಿದಾಗ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕೊಟ್ಟರು. ಅವರ ನೆನಪಿಗಾಗಿ ಪ್ರತಿ ವರ್ಷ ಅದೇ ದಿನ ಅಗ್ನಿಶಾಮಕ ಸೇವಾ ದಿನ ಆಚರಿಸುತ್ತೇವೆ. ಅಂಥ ಧೈರ್ಯವಂತರ ಕೆಲಸ ಒಂದೇ ಸಾಲಿನ ಷರಾದಲ್ಲಿ ಮುಗಿದುಹೋಗಬಾರದು ಎಂಬುದೇ ನನ್ನ ಮಾತು.

ವೈದ್ಯರಿಗೆ ಕೇಸ್ ಶೀಟ್ ಹೇಗೋ, ಅಗ್ನಿಶಾಮಕ ದಳಕ್ಕೆ ಘಟನಾ ವರದಿ ಹಾಗೆ. ರೋಗಿಯ ಕೇಸ್ ಶೀಟಿನಲ್ಲಿ ನಾನು 'ಜ್ವರ' ಎಂದಷ್ಟೇ ಬರೆದಿಟ್ಟರೆ ಮುಂದೆ ನೋಡುವ ವೈದ್ಯರಿಗೆ ಏನು ತಿಳಿದೀತು? ಒಂದೇ ಬೀದಿಯಲ್ಲಿ ಹತ್ತು ಮಂದಿಗೆ ಟೈಫಾಯ್ಡ್ ಬಂದಿದೆ ಎಂದು ದಾಖಲಾದರೆ ನೀರಿನ ಕೊಳವೆ ಪರೀಕ್ಷಿಸುತ್ತಾರೆ. ಹತ್ತು ಮಂದಿಗೂ 'ಜ್ವರ' ಎಂದೇ ಬರೆದಿದ್ದರೆ ಕೊಳವೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. 'ಶಾರ್ಟ್ ಸರ್ಕ್ಯೂಟ್' ಎಂಬ ಷರಾ ಬೆಂಕಿಯ ಲೋಕದ 'ಜ್ವರ'.

ಬೆಂಕಿ ಎಂದರೆ ಸುಟ್ಟಗಾಯ ಎಂದೇ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಮುಚ್ಚಿದ ಜಾಗದ ಬೆಂಕಿಯಲ್ಲಿ ಜ್ವಾಲೆಗಿಂತ ಮೊದಲು ಕೊಲ್ಲುವುದು ಹೊಗೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಸತ್ತ 59 ಮಂದಿಯಲ್ಲಿ ಹೆಚ್ಚಿನವರು ಉಸಿರುಗಟ್ಟಿ ಸತ್ತರು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಅಸುನೀಗಿದಾಗಲೂ ಮೇಲಿನ ಮಹಡಿಗಳಿಗೆ ತುಂಬಿದ್ದು ಹೊಗೆ. ಅದನ್ನು ತಾಳಲಾರದೆ ಕೆಲವರು ಕಿಟಕಿಯಿಂದ ಹಾರಿದ್ದರು.

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಇದನ್ನು ಗುರುತಿಸಲಾರದೆ, ಎಲ್ಲ ಸರಿಯಿದೆ ಎಂಬಂತೆ ಅಂಕಿ ತೋರಿಸಬಹುದು. ಫೋಮ್ ಹಾಸಿಗೆ, ಸೋಫಾ ಉರಿದರೆ ಸಯನೈಡ್ ಅನಿಲವೂ ಹೊರಬರುತ್ತದೆ. ವೈರಿನ ಪಿವಿಸಿ ಸುಟ್ಟರೆ ಗಂಟಲನ್ನೂ ಶ್ವಾಸಕೋಶವನ್ನೂ ಕೊರೆಯುವ ಆಮ್ಲದ ಅನಿಲ ಏಳುತ್ತದೆ. ಗಂಟಲಿನ ಬಾವು ಕೆಲವು ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳಬಹುದು. ಆದ್ದರಿಂದ 'ಏನು ಸುಟ್ಟಿತು, ಎಷ್ಟು ಹೊತ್ತು' ಎಂಬ ಎರಡು ಮಾತು ಚಿಕಿತ್ಸೆಯ ದಾರಿಯನ್ನೇ ಬದಲಿಸಬಲ್ಲವು. ಅವನ್ನು ಸ್ಥಳದಲ್ಲೇ ನೋಡಿ ತಿಳಿದವರು ಬೆಂಕಿ ಆರಿಸಿದವರು.

ಇನ್ನು ಲೆಕ್ಕದ ವಿಷಯ. 2001ನೇ ವರ್ಷದಲ್ಲಿ ಭಾರತದಲ್ಲಿ ಬೆಂಕಿಯಿಂದ ಸುಮಾರು 1,63,000 ಮಂದಿ ಸತ್ತಿರಬೇಕೆಂದು 2009ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಇದು ಪೊಲೀಸ್ ದಾಖಲೆಯಲ್ಲಿದ್ದ ಸಂಖ್ಯೆಯ ಸುಮಾರು ಆರು ಪಟ್ಟು. ಸತ್ತವರಲ್ಲಿ 1,06,000 ಮಂದಿ ಹೆಂಗಸರು. ಅವರಲ್ಲಿ ಹೆಚ್ಚಿನವರು 15ರಿಂದ 34 ವರ್ಷದೊಳಗಿನವರು.

ಈ ಅಂಕಿಗಳನ್ನು ಓದುವಾಗ ನನಗೆ ನೆನಪಾಗುವುದು 'ಸ್ಟೌ ಸಿಡಿದು ಗೃಹಿಣಿ ಸಾವು' ಎಂದು ಪತ್ರಿಕೆಗಳಲ್ಲಿ ಬರುತ್ತಿದ್ದ ನಾಲ್ಕು ಸಾಲಿನ ಸುದ್ದಿ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಮಹಿಳೆಯರು ಇಂಥ ಸಾವುಗಳನ್ನು ಒಂದೊಂದಾಗಿ ಬೆನ್ನುಹತ್ತಿ ಪ್ರಶ್ನೆ ಎತ್ತಿದರು. ಸ್ಟೌ ನಿಜವಾಗಿಯೂ ಸಿಡಿದಿತ್ತೇ? ಅದರ ಟ್ಯಾಂಕು ಒಡೆದಿತ್ತೇ, ಇಡಿಯಾಗಿತ್ತೇ? ಸೀಮೆಎಣ್ಣೆ ನೆಲದ ಮೇಲಿತ್ತೇ, ಸೀರೆಯ ಮೇಲಿತ್ತೇ? ಅಡುಗೆಮನೆಯ ಗೋಡೆಗೆ ಮಸಿ ಹಿಡಿದಿತ್ತೇ? ಬಾಗಿಲ ಚಿಲಕ ಒಳಗಿನಿಂದ ಹಾಕಿತ್ತೇ, ಹೊರಗಿನಿಂದಲೇ? ನೆಲ ತೊಳೆದ ಮರುದಿನ ಇವಕ್ಕೆ ಉತ್ತರ ಸಿಗುವುದಿಲ್ಲ. ಅಪಘಾತವಾಗಿದ್ದರೆ ಕಳಪೆ ಸ್ಟೌ ಮಾರಿದವನನ್ನು ಹಿಡಿಯಬೇಕು, ಅಪರಾಧವಾಗಿದ್ದರೆ ಅಪರಾಧಿಯನ್ನು. ವಿವರವಿಲ್ಲದ ವರದಿ ಇಬ್ಬರನ್ನೂ ಬಿಟ್ಟುಬಿಡುತ್ತದೆ. ಇಂದು ಎಷ್ಟೋ ಮನೆಗಳಿಗೆ ಗ್ಯಾಸ್ ಬಂದಿದೆ. ಸ್ಟೌವಿನ ಜಾಗದಲ್ಲಿ 'ಸಿಲಿಂಡರ್ ಸೋರಿಕೆ' ಎಂಬ ಷರಾ ಬಂದು ಕೂರದಂತೆ ನೋಡಿಕೊಳ್ಳಬೇಕು. ಸೋರಿದ್ದು ರೆಗ್ಯುಲೇಟರೋ, ಹಳೆಯ ರಬ್ಬರ್ ಟ್ಯೂಬೋ, ವಾಷರೋ ಎಂಬುದು ಬೇಕು.

ಬರೆದಿಟ್ಟರೆ ಏನಾಗುತ್ತದೆ ಎನ್ನುವವರಿಗೆ ಅಮೆರಿಕದ ಒಂದು ಉದಾಹರಣೆ ಕೊಡಬಹುದು. ಅಲ್ಲಿ 1974ರ ಒಂದು ಕಾಯ್ದೆಯ ನಂತರ ದೇಶದ ಅಗ್ನಿಶಾಮಕ ದಳಗಳ ವರದಿಗಳನ್ನು ಒಂದೇ ನಮೂನೆಯಲ್ಲಿ ಒಟ್ಟುಗೂಡಿಸುವ ಏರ್ಪಾಡು ಬೆಳೆಯಿತು. ಕಾರಣಗಳನ್ನು ಬಿಡಿಸಿ ನೋಡಿದಾಗ, ಐದು ವರ್ಷದೊಳಗಿನ ಮಕ್ಕಳು ಸಿಗರೇಟು ಲೈಟರಿನೊಂದಿಗೆ ಆಡಿ ಬೆಂಕಿ ಹೊತ್ತಿಸುತ್ತಿದ್ದುದು ದೊಡ್ಡ ಸಂಖ್ಯೆಯಲ್ಲಿ ಕಂಡುಬಂತು. ಚಿಕ್ಕ ಮಕ್ಕಳ ಬೆರಳಿಗೆ ಸುಲಭವಾಗಿ ಹೊತ್ತದಂತೆ ಲೈಟರ್ ತಯಾರಿಸಬೇಕೆಂದು 1994ರಲ್ಲಿ ನಿಯಮ ಬಂತು. ಮುಂದಿನ ವರ್ಷಗಳಲ್ಲಿ ಅಂಥ ಬೆಂಕಿಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ಎಲ್ಲ ವರದಿಗಳಲ್ಲೂ 'ಆಕಸ್ಮಿಕ' ಎಂದು ಬರೆದಿದ್ದರೆ ಆ ಲೈಟರ್ ಇವತ್ತಿಗೂ ಮೊದಲಿನಂತೆಯೇ ಇರುತ್ತಿತ್ತು.

ನಮ್ಮ ವರದಿಗಳಲ್ಲಿ ಏನಿರಬೇಕು? ಕರೆ ಬಂದ ಸಮಯ, ತಲುಪಿದ ಸಮಯ. ಬೆಂಕಿ ಹುಟ್ಟಿದ ಜಾಗ. ಮೊದಲು ಹೊತ್ತಿದ ವಸ್ತು. ಜನ ಎಲ್ಲಿ, ಯಾವ ಸ್ಥಿತಿಯಲ್ಲಿ ಸಿಕ್ಕರು. ಅವರ ಮೈಮೇಲೆ ಹತ್ತಿಬಟ್ಟೆ ಇತ್ತೇ, ಕರಗಿ ಅಂಟುವ ನೈಲಾನ್ ಇತ್ತೇ. ಹೊರಹೋಗುವ ದಾರಿ ತೆರೆದಿತ್ತೇ. ಕಾರಣ ಖಚಿತವಾಗದಿದ್ದರೆ 'ತಿಳಿದಿಲ್ಲ' ಎಂದೇ ಪ್ರಾಮಾಣಿಕವಾಗಿ ಬರೆಯಲಿ. ಊಹಿಸಿದ ಶಾರ್ಟ್ ಸರ್ಕ್ಯೂಟಿಗಿಂತ ಅದು ಮೇಲು.

ಇನ್ನೊಂದು ಮುಖ್ಯ ಮಾತು. ಸುಟ್ಟಗಾಯದ ರೋಗಿಗಳಲ್ಲಿ ಹಲವರು ಸ್ಥಳದಲ್ಲಿ ಸಾಯುವುದಿಲ್ಲ. ಗಾಯಕ್ಕೆ ಸೋಂಕು ತಗುಲಿ ಎಂಟು, ಹತ್ತು ದಿನದ ಮೇಲೆ ಆಸ್ಪತ್ರೆಯಲ್ಲಿ ಸಾಯುತ್ತಾರೆ. ಅಷ್ಟರಲ್ಲಿ ಬೆಂಕಿ ವರದಿಯಲ್ಲಿ 'ಗಾಯಾಳು 1' ಎಂದು ಬರೆದು ಕಡತ ಮುಚ್ಚಿರುತ್ತದೆ. ತಿಂಗಳಾದ ಮೇಲೊಮ್ಮೆ ಆಸ್ಪತ್ರೆಯಿಂದ ವಿಷಯ ತರಿಸಿ ವರದಿ ತಿದ್ದುವ ಪದ್ಧತಿ ಬರಬೇಕು. ಇದರಲ್ಲಿ ನಾವು ವೈದ್ಯರೂ ಕೈಜೋಡಿಸಬೇಕು. 'ಸುಟ್ಟಗಾಯ' ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ನಮ್ಮವರೂ ಕಡಿಮೆಯೇನಿಲ್ಲ. ಸಿಬ್ಬಂದಿಯ ಆರೋಗ್ಯಕ್ಕೂ ಈ ದಾಖಲೆ ಬೇಕು. ಬೆಂಕಿ ಆರಿಸುವ ವೃತ್ತಿಯಿಂದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ತೀರ್ಮಾನಿಸಿತು. ಯಾವ ಹೊಗೆ, ಎಷ್ಟು ಸಲ ಕುಡಿದೆವು ಎಂಬುದಕ್ಕೆ ಅವರ ಬಳಿಯೂ ಪುರಾವೆ ಇರಲಿ.

ಮನೆಯವರ ಪಾತ್ರವೂ ಇದೆ. ಬೆಂಕಿ ತಾನಾಗಿ ಆರಿತೆಂದು ಸುಮ್ಮನಾಗದೆ 101 ಅಥವಾ 112ಕ್ಕೆ ಕರೆ ಮಾಡಿ. ಅವರು ಬಂದು ನೋಡುವವರೆಗೆ ಜಾಗ ತೊಳೆಯಬೇಡಿ. ಸುಟ್ಟ ಭಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ. ಟೂತ್‌ಪೇಸ್ಟು, ಶಾಯಿ, ಅರಿಶಿನ ಯಾವುದನ್ನೂ ಹಚ್ಚಬೇಡಿ. ಹೊಗೆ ಕುಡಿದವರಿಗೆ ತಲೆನೋವು, ಕೆಮ್ಮು, ದನಿ ಒಡೆಯುವುದು, ಮಂಪರು ಇದ್ದರೆ ಮೈ ಸುಡದಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಏನು ಸುಟ್ಟಿತೆಂದು ವೈದ್ಯರಿಗೆ ತಿಳಿಸಿ. ವರದಿಯ ಪ್ರತಿ ಕೇಳಿ ಪಡೆಯಿರಿ. ಅದನ್ನು ವಿಮೆಯ ಹಣಕ್ಕೆಂದು ಕಡತಕ್ಕೆ ಸೇರಿಸುವ ಮೊದಲು ಒಮ್ಮೆ ಓದಿ, ತಪ್ಪಿದ್ದರೆ ತಿದ್ದಿಸಿ.

ಆ ಹುಡುಗನ ತಂದೆ ಹಾಗೆಯೇ ಮಾಡಿದರು. ನನ್ನಿಂದಲೂ ಆಸ್ಪತ್ರೆಯಿಂದಲೂ ಚೀಟಿ ತೆಗೆದುಕೊಂಡು ಎರಡು ಸಲ ಅಲೆದರು. ಕೊನೆಗೆ 'ಇಲ್ಲ' ಎಂದಿದ್ದ ಕಡೆ 'ಒಂದು ಮಗು, ಹೊಗೆಯಿಂದ ಅಸ್ವಸ್ಥ' ಎಂದು ಬರೆಸಿಕೊಂಡು ಬಂದರು. ಸುಟ್ಟದ್ದು ಫೋಮ್ ಹಾಸಿಗೆ ಎಂಬುದೂ ಅದರಲ್ಲಿ ಸೇರಿತು. ಇಂಥ ಒಂದೊಂದು ಸಾಲೂ ಸೇರಿದಾಗಲೇ ಮುಂದಿನ ಮನೆಯ ಮಗುವನ್ನು ಉಳಿಸುವ ದಾರಿ ನಮಗೆ ಕಾಣುತ್ತದೆ.