ತುಟಿಗೆ ತುಪ್ಪ ಸವರಿದರೆ ಸಾಲದು

ಮೋಡ ಮುಸುಕಿದ ಐರ್ಲೆಂಡಿನಲ್ಲಿ ಬಿಸಿಲಿಗೆ ತುಟಿ ಕೆಡುವುದಿಲ್ಲ, ಒಡೆದರೆ ತುಪ್ಪ ಸವರಿದರಾಯಿತು ಎಂದಿದೆ ಕಳೆದ ಸಂಚಿಕೆಯ ಲೇಖನ. ಕೇಳಲು ಹಿತ, ಆದರೆ ತಪ್ಪು.

ಕಾರ್ಕ್ ಬಂದರಿನ ರಿಂಗಾಸ್ಕಿಡಿಯನ್ನೇ ನೋಡಿ. ಒಂದೆಡೆ ಔಷಧ ಕಾರ್ಖಾನೆಗಳು, ಇನ್ನೊಂದೆಡೆ ಹಡಗುಕಟ್ಟೆ. ಆ ಕಟ್ಟೆಯ ಬಯಲಲ್ಲೇ ದುಡಿಯುವವರಿಗೆ ಮೋಡ ಕೊಡೆಯಲ್ಲ. ಅತಿನೇರಳೆ ಕಿರಣ ಅದನ್ನೂ ತೂರಿ ಬರುತ್ತದೆ. ಐರ್ಲೆಂಡಿನಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಚರ್ಮದ್ದೇ. ಬಿಸಿಲಿಗೆ ಕೆಟ್ಟ ಕೆಳತುಟಿಗೆ ‘ನಾವಿಕರ ತುಟಿ’ ಎಂಬ ಅಡ್ಡಹೆಸರು ಸುಮ್ಮನೆ ಬಂದಿಲ್ಲ. ಬಿಳಿಚರ್ಮದವರಿಗೆ ಅಪಾಯ ಹೆಚ್ಚು, ನಿಜ. ಹಾಗೆಂದು ಕಂದುಚರ್ಮದ ನಮಗೆ ವಿನಾಯಿತಿಯಿಲ್ಲ. ತಂಬಾಕಿನ ಚಟವಿದ್ದವರಿಗಂತೂ ಇಲ್ಲವೇ ಇಲ್ಲ.

ತುಪ್ಪ ಒಣತುಟಿಗೆ ಮದ್ದು, ಬಿಸಿಲಿಗೆ ಕೆಟ್ಟ ಕೋಶಕ್ಕಲ್ಲ. ಫ್ಲೂರೊಯುರಾಸಿಲ್ ಮುಲಾಮು ಆ ಕೋಶಗಳ ಡಿಎನ್‌ಎ ತಯಾರಿಕೆಯನ್ನೇ ತಡೆಯುತ್ತದೆ. ಇಮಿಕ್ವಿಮೋಡ್ ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ. ಇವನ್ನು ಹಚ್ಚಿದಾಗ ತುಟಿ ಉರಿದು, ಊದಿ, ಹಕ್ಕಳೆಗಟ್ಟುತ್ತದೆ. ಹೆದರಿ ನಡುವೆ ಬಿಟ್ಟರೆ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ. ಹಾಗೆಂದು ಮುಲಾಮೆಲ್ಲ ಸಾಧುವಲ್ಲ: ಬಿಸಿಲಿಗೆ ಕೆಟ್ಟ ಚರ್ಮದ ಒರಟು ಮಚ್ಚೆಗೆ ಬಳಸುತ್ತಿದ್ದ ಇಂಗೆನಾಲ್ ಮೆಬ್ಯುಟೇಟ್ ಜೆಲ್, ಅದೇ ಚರ್ಮದ ಕ್ಯಾನ್ಸರಿನ ಶಂಕೆಯಿಂದ 2020ರಲ್ಲಿ ಯುರೋಪಿನ ಮಾರುಕಟ್ಟೆಯಿಂದ ಹೊರಬಿತ್ತು. ಆದ್ದರಿಂದ ಸ್ವಂತ ವೈದ್ಯವೂ ಬೇಡ.

ಕೆಳತುಟಿಯ ಅಂಚು ಮಸುಕಾಗಿದ್ದರೆ, ಒರಟು ಬಿಳಿಮಚ್ಚೆಯೋ ಮೂರು ವಾರವಾದರೂ ಮಾಯದ ಹುಣ್ಣೋ ಇದ್ದರೆ, ತುಪ್ಪದ ಮಿಳ್ಳೆ ಬದಿಗಿಟ್ಟು ಚರ್ಮವೈದ್ಯರಿಗೆ ತೋರಿಸಿ.