ವಂಶವೃಕ್ಷದಲ್ಲಿ ಕಾಣದ ತಾಯಂದಿರು

ಹೊರ ಬೆಂಗಳೂರಿನಲ್ಲಿ ವಂಶವೃಕ್ಷ ಬರೆಸುವುದು ಜಮೀನು ಕೈಬದಲಾಗುವಾಗ. ನಲ್ಲೂರಹಳ್ಳಿಯಿರಲಿ, ಹಗದೂರಿರಲಿ, ಪೀಣ್ಯದ ಆಸುಪಾಸಿರಲಿ, ಕೊಳ್ಳಲು ಬಂದವರ ವಕೀಲರು ಕೇಳುವ ಕಾಗದಗಳಲ್ಲಿ ಅದೂ ಒಂದು. ಮೇಲೆ ಮೂಲಪುರುಷ, ಅವನ ಕೆಳಗೆ ಮಕ್ಕಳು, ಅವರ ಕೆಳಗೆ ಮೊಮ್ಮಕ್ಕಳು. ಎಷ್ಟೋ ಮನೆಗಳಲ್ಲಿ ಮುತ್ತಜ್ಜನ ಹೆಸರನ್ನು ಮಕ್ಕಳು ಮೊದಲ ಸಲ ಓದುವುದೇ ಆ ಹಾಳೆಯಲ್ಲಿ.

ಇದೇ ನೆಲದಲ್ಲಿ ಬೇರೊಂದು ಬಗೆಯ ಹುಡುಕಾಟವೂ ಇದೆ. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೇ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಇಲ್ಲಿ 3,900 ಎಕರೆ ಕೊಟ್ಟರು. ಸರ್ಕಾರಿ ನೌಕರಿಯನ್ನೇ ನೆಚ್ಚಿ ಕುಳಿತಿದ್ದ ಸಮುದಾಯ ಬೇಸಾಯದಿಂದ ಬದುಕು ಕಟ್ಟಿಕೊಳ್ಳಲಿ ಎಂಬುದು ಅಲ್ಲಿ ಎದ್ದ ಊರಿನ ಉದ್ದೇಶ. ಅದಕ್ಕಾಗಿ ಹೋರಾಡಿದವರು ಡಿ.ಎಸ್. ವೈಟ್, ಊರಿನ ವೈಟ್‌ಫೀಲ್ಡ್ ಎಂಬ ಹೆಸರು ಅವರದೇ. ನಡುವೆ ದುಂಡನೆಯ ಬಯಲು, ಸುತ್ತ ಮನೆಗಳು. ಆ ಭಾಗಕ್ಕೆ ಇಂದಿಗೂ ಇನ್ನರ್ ಸರ್ಕಲ್ ಎಂದೇ ಹೆಸರು. ಅನೇಕ ಆಂಗ್ಲೋ ಇಂಡಿಯನ್ ಕುಟುಂಬಗಳು ಸ್ವಾತಂತ್ರ್ಯಾನಂತರ ಇಂಗ್ಲೆಂಡು, ಆಸ್ಟ್ರೇಲಿಯಾ, ಕೆನಡಾಗಳಿಗೆ ಹೋದವು. ಈಗ ಅವರ ಮೊಮ್ಮಕ್ಕಳು ಹಿರಿಯರ ಜಾಡು ಹುಡುಕುತ್ತಾರೆ.

ಸಿಗುವುದು ಮುಖ್ಯವಾಗಿ ಚರ್ಚಿನ ದಫ್ತರ. ಬೆಂಗಳೂರು ದಂಡಿನ ಚರ್ಚುಗಳಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಹೂಳಿಕೆಗಳ ನಕಲು ಮದ್ರಾಸಿಗೆ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಆ ಸಂಪುಟಗಳು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ದೀಕ್ಷಾಸ್ನಾನದ ಪುಟವನ್ನು ಹತ್ತಿರದಿಂದ ನೋಡಬೇಕು: ಸ್ನಾನವಾದ ದಿನ, ಹುಟ್ಟಿದ ದಿನ, ಮಗುವಿನ ಹೆಸರು, ತಂದೆತಾಯಿ, ವಾಸ, ತಂದೆಯ ಕಸುಬು, ಪಾದ್ರಿಯ ಸಹಿ. ತಂದೆಯ ಕಡೆ ಪದವಿ, ಪಲ್ಟಣಿ ಎಲ್ಲವೂ ಇರುತ್ತವೆ. ಹಿಂದಿನ ತಲೆಮಾರುಗಳಿಗೆ ಹೋದಂತೆ ತಾಯಿಯ ಕಡೆ ಒಮ್ಮೊಮ್ಮೆ ಬರೀ ಕ್ರೈಸ್ತ ಹೆಸರು, ಒಮ್ಮೊಮ್ಮೆ 'ದೇಶೀ ಹೆಂಗಸು' ಎಂಬ ಎರಡೇ ಪದ. ಅವಳು ತಮಿಳಿನವಳೋ ತೆಲುಗಿನವಳೋ ಕನ್ನಡದವಳೋ, ತವರು ಯಾವುದೋ, ಯಾವುದೂ ಇಲ್ಲ. ಒಂದು ಕುಲದ ಅರ್ಧ ಚರಿತ್ರೆ ಆ ಎರಡು ಪದಗಳಲ್ಲಿ ಹೂತುಹೋಗಿದೆ. ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ಮದುವೆಯ ಪುಟದಲ್ಲಿ ವಧೂವರರ ತಂದೆಯ ಹೆಸರನ್ನೂ ಬರೆಯುತ್ತಿರಲಿಲ್ಲವಾದ್ದರಿಂದ ಅಲ್ಲಿಂದ ಹಿಂದಕ್ಕೆ ಹೋಗುವ ದಾರಿಯೂ ಇಲ್ಲ.

ಜನಗಣತಿ ಇತ್ತಲ್ಲ ಎನ್ನಬಹುದು. ಇಂಗ್ಲೆಂಡಿನಲ್ಲಿ 1841ರಿಂದ ಮನೆಮನೆಯ ಹೆಸರಿನ ಪಟ್ಟಿಗಳು ಉಳಿದಿವೆ. ನಮ್ಮಲ್ಲಿ ಲೆಕ್ಕ ಕೂಡಿಸಿದ ಮೇಲೆ ಅಂಥ ಪಟ್ಟಿಗಳನ್ನು ಕಾದಿಡಲಿಲ್ಲ; ಉಳಿದದ್ದು ಅಂಕಿಗಳು ಮಾತ್ರ.

ಆ ವಸಾಹತಿನ ಹೊಲಗದ್ದೆಗಳಲ್ಲಿ ದುಡಿದವರು, ಸುತ್ತಲ ಹಳ್ಳಿಗಳ ರೈತರು ಚರ್ಚಿನ ಪುಟದಲ್ಲಿಲ್ಲ. ಅವರನ್ನು ಸರ್ವೆ ನಂಬರಿನಲ್ಲೇ ಹುಡುಕಬೇಕು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಇಂದು ಟೆಕ್ ಪಾರ್ಕು ನಿಂತ ಜಾಗಕ್ಕೂ ಒಂದು ಸರ್ವೆ ನಂಬರಿದೆ. ಕೈಬರಹದ ಪಹಣಿಯಲ್ಲಿ ಗಂಡಸು 'ಇಂಥವನು ಬಿನ್ ಇಂಥವನು'. ಹೆಣ್ಣು 'ಇಂಥವಳು ಕೋಂ ಇಂಥವನು'. ಗಂಡಸಿಗೆ ಹುಟ್ಟಿದ ಮನೆಯ ಗುರುತು ಇದೆ. ಹೆಣ್ಣಿಗೆ ಹೊಕ್ಕ ಮನೆಯದು ಮಾತ್ರ. ಎತ್ತಿನ ಮೇಲೆ ಕುಳಿತು ಬಂದು, ಕಾಳು ಪಡೆದು, ಮನೆತನದ ಪೀಳಿಗೆ ಪೀಳಿಗೆಯನ್ನು ಬಾಯಲ್ಲೇ ಹೇಳುವ ಹೆಳವರ ನೆನಪು ಅಪಾರ. ಆದರೂ ಅದು ಮೂಲಪುರುಷನಿಂದಲೇ ಇಳಿಯುತ್ತದೆ. ಚರ್ಚು, ಸರ್ಕಾರ, ಹೆಳವ, ಮೂವರೂ ತಾಯಿಯನ್ನು ಬಿಟ್ಟ ಬಗೆ ಇಷ್ಟು ಒಂದೇ ತೆರನಾಗಿರುವುದು ನನ್ನನ್ನು ಕಾಡುತ್ತದೆ.

1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕ ತಂದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. 2005ರಲ್ಲಿ ದೇಶಕ್ಕೆಲ್ಲ ಅಂಥ ಕಾಯಿದೆ ಬಂತು. ಆಮೇಲಷ್ಟೇ ಹೆಣ್ಣುಮಕ್ಕಳ ಹೆಸರು ವಂಶವೃಕ್ಷದಲ್ಲಿ ತಪ್ಪದೆ ಕಾಣತೊಡಗಿತು, ಬಿಟ್ಟರೆ ಕ್ರಯಪತ್ರ ಕೋರ್ಟಿಗೆ ಬೀಳುತ್ತದೆಂಬ ಭಯಕ್ಕೆ. ಪ್ರೀತಿಯಿಂದ ಆಗಬೇಕಿದ್ದ ಕೆಲಸ ಭಯದಿಂದಾದರೂ ಆಯಿತು, ನನಗೆ ಅದೂ ಸಂತೋಷವೇ.

ಇನ್ನೂ ಹಿಂದಿನ ತಾಯಂದಿರು ಸಿಗುವುದೇ ಇಲ್ಲವೆಂದಲ್ಲ. ಕ್ಯಾಥೊಲಿಕ್ ದಫ್ತರಗಳಲ್ಲಿ ದೀಕ್ಷಾಸ್ನಾನದ ವೇಳೆ ಮಗುವಿನ ಹೊಣೆ ಹೊರುವ ಜ್ಞಾನತಂದೆ, ಜ್ಞಾನತಾಯಿಯರ ಹೆಸರೂ ಇರುತ್ತದೆ. ಆ ಹೆಸರು ಹಿಡಿದು ಕೆಲವೊಮ್ಮೆ ತಾಯಿಯ ಕಡೆಯ ಬಂಧುಗಳನ್ನು ತಲುಪಬಹುದು. ಹಳ್ಳಿಯ ಕಡತಗಳಲ್ಲಿ ಹೆಂಗಸು ಕಾಣಿಸಿಕೊಳ್ಳುವುದು ಹೆಚ್ಚಾಗಿ ಗಂಡ ಸತ್ತ ಮೇಲೆ, ಮಕ್ಕಳು ಚಿಕ್ಕವರಿದ್ದು ಖಾತೆ ಅವಳ ಹೆಸರಿಗೋ, ಮೈನರ್ ಗಾರ್ಡಿಯನ್ ತಾಯಿ ಎಂಬ ಹೆಸರಿಗೋ ಬಂದಾಗ. ಅದಕ್ಕೇ ಮುತ್ತಜ್ಜನ ಸಾವಿನ ವರ್ಷ ಸಿಕ್ಕೊಡನೆ ಹುಡುಕಾಟ ನಿಲ್ಲಿಸಬಾರದು. ಅದರ ಮುಂದಿನ ಕೆಲವು ವರ್ಷಗಳ ಮ್ಯುಟೇಷನ್ ರಿಜಿಸ್ಟರನ್ನೂ ತಾಲ್ಲೂಕು ಕಚೇರಿಯಲ್ಲಿ ಕೇಳಿ ತೆಗೆಸಬೇಕು.